ಒಬ್ಬ ಬಚಾವಾದ: ಒಂದು ನಾಟಕ, ಅದರ ಬೈಬಲ್ ಸಂಕೇತಗಳು ಮತ್ತು ನಮ್ಮ ಪರದಾಟ

ಇದು ಶಿವಮೊಗ್ಗ ಜಿಲ್ಲೆಯಲ್ಲಿ, ಮಳೆ ಜೋರಾಗಿ ಹೊಡೆಯುವ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆದದ್ದು. ಊರಿನ ಹೆಸರು, ತಂಡದ ಹೆಸರು, ವರ್ಷ ಎಲ್ಲ ಬಿಟ್ಟಿದ್ದೇನೆ. ಜನರನ್ನು ಅವರು ಮಾಡಿದ ಕೆಲಸದಿಂದಷ್ಟೇ ಕರೆದಿದ್ದೇನೆ. ತಂಡದಲ್ಲಿ ನಾನು ಸ್ಕ್ರಿಪ್ಟ್ ಹಿಡಿದು ಕೂರುವವ, ಮಾತು ಮರೆತವರಿಗೆ ಎತ್ತಿಕೊಡುವವ. ತಾಲೀಮಿನ ದಿನಚರಿ ಬರೆಯುವ ಕೆಲಸವೂ ನನ್ನ ತಲೆಗೇ ಬಿದ್ದಿತ್ತು. ಹಾಗಾಗಿ ಯಾವ ತೀರ್ಮಾನ ಯಾವಾಗ ಆಯಿತು, ಅದರ ಹಿಂದೆ ಯಾರ ಜಗಳ ಇತ್ತು ಎನ್ನುವುದು ನನ್ನ ನೋಟ್‌ಬುಕ್ಕಿನಲ್ಲಿದೆ. ಬೇರೆ ಧರ್ಮದ ಗ್ರಂಥವನ್ನು ಒಳಗಿಟ್ಟುಕೊಂಡ ನಾಟಕವನ್ನು ಕನ್ನಡಕ್ಕೆ ತರುವವರಿಗೆ ನಮ್ಮ ಎಡವಟ್ಟುಗಳಾದರೂ ಪ್ರಯೋಜನಕ್ಕೆ ಬರಲಿ.

ಹಿನ್ನೆಲೆ

ಹನ್ನೊಂದು ಜನರ ಹವ್ಯಾಸಿ ತಂಡ. ಒಬ್ಬ ಬ್ಯಾಂಕ್ ನೌಕರ, ಒಬ್ಬ ಬಸ್ ಡಿಪೋ ಮೆಕ್ಯಾನಿಕ್, ಇಬ್ಬರು ಅಡಿಕೆ ತೋಟದವರು, ಉಳಿದವರು ಕಾಲೇಜಿನವರು. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಿರುಗಾಟ ಶುರುಮಾಡಿದಾಗಿನಿಂದ ನಮ್ಮ ಕಡೆಯವರಿಗೆ ಪರದೇಶದ ನಾಟಕವನ್ನು ಕನ್ನಡದಲ್ಲಿ ನೋಡುವುದು ಹೊಸದೇನಲ್ಲ. ಸ್ಯಾಮ್ಯುಯಲ್ ಬೆಕೆಟ್‌ನ 'ವೇಟಿಂಗ್ ಫಾರ್ ಗೋಡೋ' ಮಾಡೋಣ ಎಂದು ನಿರ್ದೇಶಕರು ಹೇಳಿದಾಗ ಯಾರೂ ಬೆಚ್ಚಲಿಲ್ಲ. "ಎಂತದೂ ಆಗದೇ ಇರೋ ನಾಟಕ ಅಲ್ದನಾ ಅದು?" ಎಂದು ತೋಟದವರೊಬ್ಬರು ಕೇಳಿದರು, ಅಷ್ಟೆ.

ಗೊತ್ತಿಲ್ಲದವರಿಗೆ ಎರಡು ಮಾತು. ಐರಿಷ್ ಲೇಖಕ ಬೆಕೆಟ್ ಇದನ್ನು 1948-49ರ ಚಳಿಗಾಲದಲ್ಲಿ ಫ್ರೆಂಚಿನಲ್ಲಿ ಬರೆದ. ಮೊದಲ ಪ್ರದರ್ಶನ ಪ್ಯಾರಿಸ್‌ನಲ್ಲಿ, 1953ರ ಜನವರಿ 5ಕ್ಕೆ. ಆಮೇಲೆ ತಾನೇ ಇಂಗ್ಲಿಷಿಗೆ ತಂದ. ಹಳ್ಳಿಯ ಒಂದು ರಸ್ತೆ, ಒಂದು ಬೋಳು ಮರ, ಸಂಜೆ. ವ್ಲಾದಿಮಿರ್ ಮತ್ತು ಎಸ್ಟ್ರಗನ್ ಎಂಬ ಇಬ್ಬರು ಅಲೆಮಾರಿಗಳು ಗೋಡೋ ಎನ್ನುವವನಿಗಾಗಿ ಕಾಯುತ್ತಾರೆ. ಅವನು ಬರುವುದಿಲ್ಲ. ಅವನ ಕಡೆಯ ಹುಡುಗನೊಬ್ಬ ಬಂದು, ಇವತ್ತಿಲ್ಲ, ನಾಳೆ ಖಂಡಿತ ಎಂದು ಹೇಳಿ ಹೋಗುತ್ತಾನೆ. ಎರಡನೇ ಅಂಕದಲ್ಲಿ ಮತ್ತೆ ಅದೇ. ಮರದಲ್ಲಿ ನಾಲ್ಕೈದು ಎಲೆ ಬಂದಿರುತ್ತದೆ.

ಈ ನಾಟಕದ ಉದ್ದಕ್ಕೂ ಬೈಬಲ್ ಚೂರುಚೂರಾಗಿ ಬಿದ್ದಿದೆ. ಯೇಸುವಿನ ಎಡಬಲಕ್ಕೆ ಶಿಲುಬೆಗೇರಿದ ಇಬ್ಬರು ಕಳ್ಳರಲ್ಲಿ ಒಬ್ಬ ಮಾತ್ರ ಉಳಿದನೆಂಬ ಕಥೆಯನ್ನು ವ್ಲಾದಿಮಿರ್ ಶುರುವಿನಲ್ಲೇ ತೆಗೆಯುತ್ತಾನೆ. ಎಸ್ಟ್ರಗನ್ನನಿಗೆ ಬೈಬಲ್ ಎಂದರೆ ಅದರೊಳಗಿನ ಬಣ್ಣದ ನಕ್ಷೆಗಳಷ್ಟೇ ನೆನಪು. ಬೂಟು ಬಿಟ್ಟು ಬರಿಗಾಲಲ್ಲಿ ಹೊರಟವನು ಕ್ರಿಸ್ತನೂ ಹೀಗೇ ನಡೆದಿರಲಿಲ್ಲವೇ ಎನ್ನುತ್ತಾನೆ. ಸುದ್ದಿ ತರುವ ಹುಡುಗ ಆಡು ಮೇಯಿಸುವವ, ಅವನ ಅಣ್ಣನೋ ತಮ್ಮನೋ ಕುರಿ ಕಾಯುವವ. ಎರಡನೇ ಅಂಕದಲ್ಲಿ ಪೊಜ್ಜೊ ಎಂಬ ಕುರುಡ ಬಿದ್ದು ಒದ್ದಾಡುವಾಗ ಎಸ್ಟ್ರಗನ್ ಅವನನ್ನು ಒಮ್ಮೆ ಹೇಬೆಲ ಎಂದೂ ಒಮ್ಮೆ ಕಾಯಿನ ಎಂದೂ ಕೂಗುತ್ತಾನೆ. ಎರಡಕ್ಕೂ ಉತ್ತರ ಬರುತ್ತದೆ. ಬೈಬಲಿನಲ್ಲಿ ಇವರು ಅಣ್ಣತಮ್ಮಂದಿರು, ಅಣ್ಣ ಕಾಯಿನ ತಮ್ಮ ಹೇಬೆಲನನ್ನು ಕೊಲ್ಲುತ್ತಾನೆ.

ಸಮಸ್ಯೆ ಶುರುವಾದದ್ದು

ನಮ್ಮ ನಿರ್ದೇಶಕರು ಓದಿದವರು. ಅದೇ ತೊಂದರೆಯಾಯಿತು ಎಂದರೆ ಅವರು ಬೇಸರ ಮಾಡಿಕೊಳ್ಳಲಿಕ್ಕಿಲ್ಲ, ಈಗ ಅವರೇ ಹಾಗೆ ಹೇಳುತ್ತಾರೆ. ಮೊದಲ ವಾರದ ಓದಿನಲ್ಲೇ ಒಂದು ಪಟ್ಟಿ ಮಾಡಿ ತಂದರು. ಮರ ಎಂದರೆ ಶಿಲುಬೆ, ಬೂಟು ಎಂದರೆ ಲೌಕಿಕ, ಹುಡುಗ ಎಂದರೆ ದೇವದೂತ, ಗೋಡೋ ಎಂದರೆ ಗಾಡ್. ಪಟ್ಟಿಯನ್ನು ತಾಲೀಮಿನ ಹಾಲಿನ ಗೋಡೆಗೆ ಅಂಟಿಸಿದರು. ನಟರಿಗೆ ಖುಷಿಯಾಯಿತು. ಅರ್ಥವಾಗದ ನಾಟಕಕ್ಕೆ ಒಂದು ಗೈಡ್ ಸಿಕ್ಕಿತಲ್ಲ! ನಾನೂ ಆ ಖುಷಿಯಲ್ಲಿದ್ದೆ, ಸುಳ್ಳೇಕೆ ಹೇಳಲಿ.

ಫ್ರೆಂಚಿನಲ್ಲಿ ದೇವರಿಗೆ 'ದಿಯ' ಎನ್ನುತ್ತಾರೆ, ಮೂಲ ನಾಟಕ ಆ ಭಾಷೆಯದು, ಹಾಗಾಗಿ ಗೋಡೋ–ಗಾಡ್ ಎಂದು ನೇರವಾಗಿ ಗಂಟು ಹಾಕುವುದು ಅಷ್ಟು ಸುಲಭವಲ್ಲ ಎಂದು ಬ್ಯಾಂಕಿನವರು ಅಂದರು. ಗೋಡೋ ಯಾರೆಂದು ಕೇಳಿದವರಿಗೆ ಬೆಕೆಟ್, ತನಗೆ ಗೊತ್ತಿದ್ದರೆ ನಾಟಕದಲ್ಲೇ ಹೇಳುತ್ತಿದ್ದೆ ಎಂಬರ್ಥದ ಉತ್ತರ ಕೊಟ್ಟಿದ್ದ ಎಂದೂ ಸೇರಿಸಿದರು. ಬೆಕೆಟ್‌ನ ತಾಯಿನುಡಿ ಇಂಗ್ಲಿಷ್, ಅವನಿಗೆ ಆ ಸದ್ದು ಕೇಳಿಸಿರಲಿಲ್ಲ ಎಂದು ಯಾರು ನಂಬುತ್ತಾರೆ ಎಂದು ನಿರ್ದೇಶಕರು ಬಾಯಿ ಮುಚ್ಚಿಸಿದರು. ಅದೂ ಸರಿಯೇ. ಇಬ್ಬರೂ ಸರಿಯಿದ್ದ ಜಾಗದಲ್ಲಿ ತೀರ್ಮಾನ ಮಾತ್ರ ಒಬ್ಬರದಾಯಿತು.

ಮರಕ್ಕೆ ಬದಲಾಗಿ ಎರಡು ಅಡಿಕೆ ದಬ್ಬೆಗಳನ್ನು ಅಡ್ಡಡ್ಡ ಬಡಿದು ನಿಲ್ಲಿಸಿದೆವು. ನೋಡಿದ ಕೂಡಲೇ ಶಿಲುಬೆ. ಹಿಂದಿನಿಂದ ಒಂದು ನೀಲಿ ಬೆಳಕು ಬೇರೆ.

ಒಂದು ಶಾಲೆಯ ಸಭಾಂಗಣದಲ್ಲಿ ಅರವತ್ತು ಜನರೆದುರು ಮೊದಲ ಅಂಕವನ್ನಷ್ಟೇ ಆಡಿ ತೋರಿಸಿದೆವು. ಮುಗಿದ ಮೇಲೆ ಮಾತುಕತೆ. ಮೊದಲು ಎದ್ದವರೊಬ್ಬರು, ಇದು ಮತಪ್ರಚಾರದ ನಾಟಕವೋ ಹೇಗೆ ಎಂದು ಕೇಳಿದರು. ಎರಡನೆಯವರು ಚರ್ಚಿಗೆ ಹೋಗುವ ಹೆಂಗಸು. ಮೆಲ್ಲಗೆ ಎದ್ದು, "ಶಿಲುಬೆ ಕೆಳಗೆ ನಿಂತ್ಕಂಡು ನೇಣು ಹಾಕ್ಕಳೋ ಮಾತಾಡ್ತಾರಲ್ಲ, ನಂಗೆ ನೋಡಕ್ಕಾಗಲಿಲ್ಲ" ಎಂದು ಹೇಳಿ ಕೂತರು. ಅಲೆಮಾರಿಗಳು ಮರಕ್ಕೆ ನೇಣು ಹಾಕಿಕೊಳ್ಳೋಣವೇ ಎಂದು ಚರ್ಚಿಸುವ ಭಾಗ ನಾಟಕದಲ್ಲಿ ನಗು ತರಿಸುವಂಥದ್ದು. ಅವತ್ತು ಒಬ್ಬರೂ ನಕ್ಕಿರಲಿಲ್ಲ. ಕಾರಣ ಆ ಹೆಂಗಸು ಮಾತಾಡಿದ ಮೇಲೆ ತಿಳಿಯಿತು.

ನಲವತ್ತು ನಿಮಿಷದ ಚರ್ಚೆಯಲ್ಲಿ ಆ ಎರಡು ದಬ್ಬೆಗಳ ವಿಷಯ ಬಿಟ್ಟು ಬೇರೇನೂ ಬರಲಿಲ್ಲ. ಕಾಯುವುದರ ಬಗ್ಗೆ ಒಂದೇ ಒಂದು ಪ್ರಶ್ನೆ ಇಲ್ಲ. ನಾಟಕದ ಹೆಸರಿನಲ್ಲೇ ಇರುವ ಮಾತು ಅದು.

ಎರಡನೇ ಪ್ರಯತ್ನ: ಶಬರಿ

ಪೆಟ್ಟು ತಿಂದವರು ಸಾಮಾನ್ಯವಾಗಿ ಎದುರು ದಿಕ್ಕಿಗೆ ಓಡುತ್ತಾರೆ. ನಾವೂ ಓಡಿದೆವು. ಬೈಬಲ್ಲೇ ಬೇಡ, ನಮ್ಮ ಜನರಿಗೆ ಗೊತ್ತಿರುವ ಕಾಯುವಿಕೆಯ ಕಥೆ ತರೋಣ ಎಂದಾಯಿತು. ಶಬರಿ ಇದ್ದಾಳೆ, ಅಹಲ್ಯೆ ಇದ್ದಾಳೆ. ಮರಕ್ಕೆ ಅರಳಿಕಟ್ಟೆ. ಇಬ್ಬರು ಕಳ್ಳರ ಜಾಗಕ್ಕೆ ಜಯವಿಜಯರು ಎಂದು ಯಾರೋ ಅಂದರು. ಒಂದು ವಾರ ಹಾಗೇ ತಾಲೀಮು ನಡೆಯಿತು. ಕೇಳಲು ಹಿತವಾಗಿತ್ತು, ಅದನ್ನು ಒಪ್ಪಲೇಬೇಕು.

ಎಸ್ಟ್ರಗನ್ ಪಾತ್ರದ ಮೆಕ್ಯಾನಿಕ್ ಒಂದು ಸಂಜೆ ಟೀ ಕುಡಿಯುತ್ತ, "ಸಾರ್, ಶಬರಿಗೆ ರಾಮ ಬಂದ. ಹಣ್ಣೂ ತಿಂದ. ನಮ್ಗೆ ಯಾರು ಬರ್ತಾರೆ?" ಎಂದ.

ಅಷ್ಟೇ ಮಾತು. ನಿರ್ದೇಶಕರು ಲೋಟ ಕೆಳಗಿಟ್ಟರು. ಅಹಲ್ಯೆಗೂ ರಾಮ ಬಂದ. ಜಯವಿಜಯರು ಮೂರು ಜನ್ಮ ಕಳೆದು ವಾಪಸ್ ಹೋಗುತ್ತಾರೆ, ಇಬ್ಬರೂ ಹೋಗುತ್ತಾರೆ, ಒಬ್ಬನಲ್ಲ. ಕಳ್ಳರ ಕಥೆಯ ಜೀವ ಇರುವುದೇ ಒಬ್ಬನಿಗಾಯಿತು, ಇನ್ನೊಬ್ಬನಿಗಿಲ್ಲ ಎನ್ನುವಲ್ಲಿ. ಬಂದೇ ಬರುವವನ ಕಥೆಯನ್ನು ಬರದವನ ನಾಟಕಕ್ಕೆ ಹೊಲಿದರೆ ಹೊಲಿಗೆ ಮೊದಲ ಎಳೆತಕ್ಕೇ ಬಿಚ್ಚುತ್ತದೆ.

ಇನ್ನೂ ಒಂದು ತೊಡಕಿತ್ತು, ಇದನ್ನು ನಾವು ಮೊದಲೇ ಗಮನಿಸಬೇಕಿತ್ತು. ಬೆಕೆಟ್ ತೀರಿಕೊಂಡದ್ದು 1989ರ ಡಿಸೆಂಬರಿನಲ್ಲಿ. ನಮ್ಮ ದೇಶದ ಕಾನೂನಿನ ಪ್ರಕಾರ ಲೇಖಕ ಸತ್ತು ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. ಅಂದರೆ 2049ರ ಕೊನೆಯವರೆಗೆ ಅನುಮತಿ ಬೇಕು. ಬೆಕೆಟ್‌ನ ಹಕ್ಕುದಾರರು ಮಾತನ್ನಾಗಲೀ ರಂಗಸೂಚನೆಯನ್ನಾಗಲೀ ಬದಲಿಸಲು ಬಿಡುವುದಿಲ್ಲ ಎನ್ನುವುದು ರಂಗಭೂಮಿಯವರಿಗೆಲ್ಲ ಗೊತ್ತಿರುವ ಸಂಗತಿ. ನಮ್ಮ ಒಪ್ಪಿಗೆ ಪತ್ರದಲ್ಲೂ ಅದೇ ಷರತ್ತಿತ್ತು. ಪತ್ರ ನಿರ್ದೇಶಕರ ಫೈಲಿನಲ್ಲಿ ತಣ್ಣಗೆ ಕೂತಿತ್ತು. ತೆಗೆದು ಓದಿದ ದಿನ ಶಬರಿಯೂ ಹೋದಳು, ಶಿಲುಬೆಯೂ ಹೋಯಿತು. ರಂಗಸೂಚನೆಯಲ್ಲಿರುವುದು ಮರ ಎಂಬ ಒಂದೇ ಪದ.

ಮೇಷ್ಟ್ರು ಹಿಡಿದ ತಪ್ಪು

ಚರ್ಚೆಯ ದಿನ ಮೆಲ್ಲಗೆ ಮಾತಾಡಿದ ಆ ಹೆಂಗಸಿನ ಮನೆಗೆ ನಿರ್ದೇಶಕರು ಕ್ಷಮೆ ಕೇಳಲು ಹೋದರು, ನನ್ನನ್ನೂ ಕರೆದುಕೊಂಡು. ಅವರ ಗಂಡ ನಿವೃತ್ತ ಶಾಲಾ ಮೇಷ್ಟ್ರು. ಮನೆಮಾತು ಕೊಂಕಣಿ, ಪ್ರಾರ್ಥನೆ ಕನ್ನಡದಲ್ಲಿ. ಅವರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದು ನೆಲೆನಿಂತವರು. ಭಾನುವಾರ ಮಕ್ಕಳಿಗೆ ಧರ್ಮೋಪದೇಶದ ಪಾಠ ಹೇಳಿಕೊಡುತ್ತಿದ್ದರಂತೆ. ಸ್ಕ್ರಿಪ್ಟ್ ಕೊಟ್ಟು ಬರಲು ನಿರ್ದೇಶಕರಿಗೆ ಹೊಳೆದದ್ದೇ ಈ ಇಡೀ ಪ್ರಕರಣದ ತಿರುವು. ಬೇಕೆಂದೇ ಮಾಡಿದ್ದಲ್ಲ. ಮಾತಿಲ್ಲದೆ ಕೂತಿರಲಾಗದೆ ಕೊಟ್ಟರು.

ನಾಲ್ಕನೇ ದಿನ ಮೇಷ್ಟ್ರೇ ತಾಲೀಮಿಗೆ ಬಂದರು, ಕಂಕುಳಲ್ಲಿ ಬೈಬಲ್, ಕೈಯಲ್ಲಿ ಕೊಡೆ. ಕೂರುವ ಮೊದಲೇ ಹೇಳಿದರು: "ಇದ್ರಲ್ಲಿ ಒಂದು ತಪ್ಪುಂಟಲ್ಲ ಮಾರಾಯ್ರೆ."

ವ್ಲಾದಿಮಿರ್ ನಾಟಕದಲ್ಲಿ ಹೇಳುವ ಲೆಕ್ಕ ಹೀಗೆ. ಕ್ರಿಸ್ತನ ಕಥೆ ಬರೆದವರು ನಾಲ್ವರು. ಕಳ್ಳನೊಬ್ಬ ಉಳಿದ ಎಂದು ಹೇಳುವವನು ಒಬ್ಬನೇ. ಉಳಿದ ಮೂವರಲ್ಲಿ ಇಬ್ಬರು ಕಳ್ಳರ ಸುದ್ದಿಯನ್ನೇ ಎತ್ತುವುದಿಲ್ಲ, ಒಬ್ಬ ಮಾತ್ರ ಇಬ್ಬರೂ ಬೈದರು ಎನ್ನುತ್ತಾನೆ.

ಮೇಷ್ಟ್ರು ಒಂದೊಂದೇ ಪುಟ ತೆಗೆದು ತೋರಿಸಿದರು. ಲೂಕನ ಶುಭಸಂದೇಶದ 23ನೇ ಅಧ್ಯಾಯದಲ್ಲಿ ಒಬ್ಬ ಯೇಸುವನ್ನು ಹಂಗಿಸುತ್ತಾನೆ, ಇನ್ನೊಬ್ಬ ಅವನನ್ನು ಗದರಿಸಿ, ನನ್ನನ್ನು ನೆನಪಿಟ್ಟುಕೋ ಎಂದು ಯೇಸುವನ್ನು ಕೇಳಿಕೊಳ್ಳುತ್ತಾನೆ, ಅವತ್ತೇ ಅವನಿಗೆ ಪರದೈಸಿನ, ಅಂದರೆ ಸ್ವರ್ಗದ, ಮಾತು ಸಿಗುತ್ತದೆ. ಮತ್ತಾಯ 27ರಲ್ಲಿ ಇಬ್ಬರೂ ನಿಂದಿಸುತ್ತಾರೆ. ಮಾರ್ಕ 15ರಲ್ಲೂ ಇಬ್ಬರೂ ನಿಂದಿಸುತ್ತಾರೆ. ಯೊವಾನ್ನ 19ರಲ್ಲಿ ಆಚೆ ಒಬ್ಬ, ಈಚೆ ಒಬ್ಬ ಇದ್ದರು ಎಂದಷ್ಟೇ ಇದೆ, ಯಾರು ಏನು ಮಾಡಿದರು ಎಂದಿಲ್ಲ. ಅಂದರೆ ಬೈದರು ಎನ್ನುವವರು ಇಬ್ಬರು, ಸುಮ್ಮನಿರುವವನು ಒಬ್ಬ. ಸುಮ್ಮನಿರುವವನು ಕೂಡ ಇಬ್ಬರಿದ್ದರು ಎನ್ನುವುದನ್ನು ಬಿಟ್ಟಿಲ್ಲ. ವ್ಲಾದಿಮಿರ್ ಉಲ್ಟಾ ಹೇಳುತ್ತಿದ್ದಾನೆ.

ನಮಗೆ ಗಾಬರಿ. ಅನುವಾದದಲ್ಲಿ ತಪ್ಪಿತೇ ಎಂದು ಇಂಗ್ಲಿಷ್ ನೋಡಿದೆವು. ಅಲ್ಲೂ ಹಾಗೇ. ಫ್ರೆಂಚ್ ತಿಳಿದ ಗೆಳೆಯರೊಬ್ಬರಿಗೆ ಫೋನು ಮಾಡಿದೆವು. ಅಲ್ಲೂ ಹಾಗೇ. ತಿದ್ದಿಬಿಡೋಣ, ನಾಳೆ ಪ್ರೇಕ್ಷಕರಲ್ಲಿ ಬೈಬಲ್ ತಿಳಿದವರು ಇದ್ದರೆ ತಂಡದ ಮಾನ ಹೋಗುತ್ತದೆ ಎಂದರು ಬ್ಯಾಂಕಿನವರು. ವ್ಲಾದಿಮಿರ್ ಪಾತ್ರ ಅವರದೇ.

ಬೇಡ ಎಂದವರು ಮೇಷ್ಟ್ರು. "ಇವ ಬೈಬಲ್ ಓದಿದವ. ಆದ್ರೆ ಓದಿ ತುಂಬಾ ವರ್ಷ ಆಯ್ತು. ಭಾನುವಾರದ ಪಾಠ ಕಲ್ತು ಆಮೇಲೆ ಚರ್ಚಿಗೆ ಬರದ ಹುಡುಗ್ರು ಹೀಗೇ ಹೇಳೋದು. ಕಥೆ ನೆನಪಿರ್ತದೆ, ಲೆಕ್ಕ ತಪ್ಪಿರ್ತದೆ."

ಬೆಕೆಟ್ ಹುಟ್ಟಿದ್ದು ಡಬ್ಲಿನ್ ಹತ್ತಿರ, ಪ್ರಾಟೆಸ್ಟೆಂಟ್ ಮನೆತನದಲ್ಲಿ, 1906ರ ಏಪ್ರಿಲ್ 13ರಂದು. ಅದು ಶುಭ ಶುಕ್ರವಾರ, ಯೇಸು ಶಿಲುಬೆಗೇರಿದ ದಿನ. ಅಂಥವನಿಗೆ ಈ ಅಧ್ಯಾಯ ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ. ತಪ್ಪು ಲೇಖಕನದೋ ಪಾತ್ರದ್ದೋ ಎಂದು ಪ್ರಮಾಣ ಮಾಡಿ ಹೇಳಲು ಬರುವುದಿಲ್ಲ. ರಂಗದ ಮೇಲೆ ಮಾತ್ರ ಅದು ಪಾತ್ರದ್ದೇ ಆಗುತ್ತದೆ. ಇದೇ ನಾಟಕದಲ್ಲಿ ವ್ಲಾದಿಮಿರ್ ಇನ್ನೊಂದು ಕಡೆ, ಆಸೆ ತಡವಾದರೆ ಏನೋ ಒಂದು ಬಳಲುತ್ತದೆ, ಯಾರು ಹೇಳಿದ್ದು ಅದು ಎಂದು ತಡವರಿಸುತ್ತಾನೆ. ಇದು ಜ್ಞಾನೋಕ್ತಿಗಳು 13ರ 12ನೇ ವಚನ. ಬಳಲುವುದು ಹೃದಯ, ಆ ಪದವೇ ಅವನಿಗೆ ಮರೆತಿದೆ. ವಚನದ ಉಳಿದರ್ಧವನ್ನು ಮೇಷ್ಟ್ರು ಓದಿದಾಗ ಹಾಲಿನಲ್ಲಿ ಸದ್ದಿಲ್ಲ: ಬಯಸಿದ್ದು ಕೈಗೂಡಿದರೆ ಅದೇ ಜೀವವೃಕ್ಷ. ಮರ! ಮರೆತ ಅರ್ಧ ಅವನ ಬೆನ್ನ ಹಿಂದೆ ಬೋಳಾಗಿ ನಿಂತಿದೆ.

ಅವತ್ತು ನಿರ್ದೇಶಕರು ಗೋಡೆಯ ಪಟ್ಟಿಯನ್ನು ಕಿತ್ತರು. ಬೈಬಲ್ ಇಲ್ಲಿ ಎಲ್ಲಿ ಬಂದರೂ ಮುರಿದೇ ಬರುತ್ತದೆ, ಸರಿಯಾಗಿ ಬಂದ ಒಂದು ಜಾಗವೂ ಇಲ್ಲ ಎಂಬ ಮಾತು ನನ್ನ ನೋಟ್‌ಬುಕ್ಕಿನಲ್ಲಿ ಆ ತಾರೀಕಿನ ಕೆಳಗಿದೆ. ಹುಡುಗನ ವಿಷಯವನ್ನೇ ನೋಡಿ. ಮತ್ತಾಯ 25ರಲ್ಲಿ ಕುರುಬ ಮಂದೆಯನ್ನು ಬೇರ್ಪಡಿಸುವಂತೆ ತೀರ್ಪಿನ ದಿನ ಜನರನ್ನು ಬೇರ್ಪಡಿಸಲಾಗುತ್ತದೆ. ಕುರಿಗಳು ಬಲಕ್ಕೆ, ಅವುಗಳಿಗೆ ರಾಜ್ಯ. ಆಡುಗಳು ಎಡಕ್ಕೆ, ಅವುಗಳಿಗೆ ಬೆಂಕಿ. ನಾಟಕದಲ್ಲಿ ಗೋಡೋ ಆಡು ಕಾಯುವವನನ್ನು ಹೊಡೆಯುವುದಿಲ್ಲ, ಕುರಿ ಕಾಯುವವನಿಗೆ ಹೊಡೆಯುತ್ತಾನೆ. ಯಾಕೆಂದು ಹುಡುಗನಿಗೆ ಗೊತ್ತಿಲ್ಲ. ಗೋಡೋ ದೇವರೇ ಆಗಿದ್ದರೆ ತನ್ನ ಪುಸ್ತಕವನ್ನೇ ತಿರುವಿ ಹಿಡಿದ ದೇವರು. ಮರ ಶಿಲುಬೆ, ಹುಡುಗ ದೇವದೂತ ಎಂಬ ನಮ್ಮ ಪಟ್ಟಿಯಲ್ಲಿ ಈ ತಿರುವಿಗೆ ಜಾಗವೇ ಇರಲಿಲ್ಲ.

ತಾಳಮದ್ದಲೆಯ ಲೆಕ್ಕ

ಹಾಗಾದರೆ ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. ಮುರಿದದ್ದು ಗೊತ್ತಾಗಬೇಕಾದರೆ ಮೊದಲು ಇಡಿಯಾಗಿದ್ದದ್ದು ಗೊತ್ತಿರಬೇಕು. ನಮ್ಮ ಪ್ರೇಕ್ಷಕರಲ್ಲಿ ಹೆಚ್ಚಿನವರಿಗೆ ಲೂಕನೂ ಇಲ್ಲ, ಮತ್ತಾಯನೂ ಇಲ್ಲ.

ತೋಟದವರಲ್ಲಿ ಒಬ್ಬರು ತಾಳಮದ್ದಲೆಯ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಆಡುವ ಯಕ್ಷಗಾನದ, ಹುಚ್ಚಿನವರು. ಅವರು ಹೇಳಿದ್ದು ನನಗೆ ಈಗಲೂ ಈ ಇಡೀ ಕೆಲಸದ ಅತ್ಯಂತ ಒಳ್ಳೆಯ ವಿಮರ್ಶೆ. ಪದ್ಯಕ್ಕೆ ಮಾತಿನಲ್ಲಿ ಅರ್ಥ ಹೇಳುವ ಅರ್ಥಧಾರಿ ಕರ್ಣನನ್ನು ಹೇಗೆ ಬೇಕಾದರೂ ತಿರುಗಿಸಬಹುದು, ಕೃಷ್ಣನನ್ನು ಕಟಕಟೆಗೆ ಹತ್ತಿಸಬಹುದು, ಕೂತವರು ತಲೆದೂಗುತ್ತಾರೆ. ಯಾಕೆ? ಪ್ರಸಂಗ ಎಲ್ಲರಿಗೂ ಗೊತ್ತು. ಭಾಗವತರು ಪದ್ಯ ಹೇಳಿ ಮುಗಿಸಿದ್ದಾರೆ, ಇವನು ಅದರ ಮೇಲೆ ಆಡುತ್ತಿದ್ದಾನೆ. "ಬೆಕೆಟ್ ಅರ್ಥ ಹೇಳ್ತಾ ಇದಾನೆ. ನಮ್ಮ ಜನಕ್ಕೆ ಪದ್ಯನೇ ಕೇಳಿಲ್ಲ."

ಪದ್ಯ ಕೇಳಿಸುವುದು ಹೇಗೆ? ನಾಟಕದೊಳಗೆ ಒಂದು ಮಾತೂ ಸೇರಿಸುವಂತಿಲ್ಲ. ಕರಪತ್ರದಲ್ಲಿ ಸಂಕೇತಗಳ ವಿವರಣೆ ಬರೆಯೋಣ ಎಂದು ನಾನೇ ಒಂದು ಕರಡು ಮಾಡಿದ್ದೆ. ಅದು ಮತ್ತೆ ಗೋಡೆಯ ಪಟ್ಟಿಯೇ ಆಗಿತ್ತು, ಭಾಷೆ ಸ್ವಲ್ಪ ಚಂದ. ಅದನ್ನು ಬಿಟ್ಟೆವು. ಕೊನೆಗೆ ಕರಪತ್ರದ ಒಂದು ಮಗ್ಗುಲಿನಲ್ಲಿ ಮೂರು ಕಥೆಗಳನ್ನಷ್ಟೇ ಅಚ್ಚು ಮಾಡಿಸಿದೆವು: ಇಬ್ಬರು ಕಳ್ಳರು (ನಾಲ್ವರು ಹೇಳಿದಂತೆ ನಾಲ್ಕು ಸಲ); ಕುರಿ ಮತ್ತು ಆಡು; ಅಣ್ಣ ಕಾಯಿನ, ತಮ್ಮ ಹೇಬೆಲ. ಅರ್ಥ ಒಂದಕ್ಷರ ಇಲ್ಲ. ನಾಟಕದ ಹೆಸರೂ ಆ ಮಗ್ಗುಲಲ್ಲಿಲ್ಲ. ಜನ ಬೇಗ ಬಂದು ಕೂತು ನಾಟಕ ಶುರುವಾಗುವವರೆಗೆ ಕೈಯಲ್ಲಿದ್ದದ್ದನ್ನು ಓದುತ್ತಾರೆ, ಅಷ್ಟು ಸಾಕು.

ಕಾಯಿನನ ಕಥೆ ಬರೆಯುವಾಗ ಒಂದು ತಮಾಷೆ. ಕಾಯಿನ ಬೇಸಾಯಗಾರ, ಬೆಳೆ ತಂದು ಅರ್ಪಿಸಿದ. ಹೇಬೆಲ ಕುರಿಗಾರ, ಮಂದೆಯ ಚೊಚ್ಚಲು ಮರಿ ತಂದ. ದೇವರು ಹೇಬೆಲನ ಕಾಣಿಕೆ ಮೆಚ್ಚಿದ, ಕಾಯಿನನದನ್ನು ಮೆಚ್ಚಲಿಲ್ಲ. ಅಡಿಕೆ, ಭತ್ತ ಬೆಳೆಯುವ ಊರಲ್ಲಿ ಈ ಕಥೆಗೆ ಸಿಗುವ ಪ್ರತಿಕ್ರಿಯೆ ಒಂದೇ: "ಬೆಳೆ ತಂದವ ಎಂತ ತಪ್ಪು ಮಾಡಿದ್ನಾ?" ಕೊಲೆಯ ಭಾಗ ಬರುವ ಮೊದಲೇ ನಮ್ಮ ತೋಟದವರಿಬ್ಬರೂ ಕಾಯಿನನ ಪಕ್ಷ ಸೇರಿಯಾಗಿತ್ತು.

ಪದಗಳ ಜಗಳ

ಅತಿ ಹೆಚ್ಚು ಸಮಯ ತಿಂದದ್ದು ಒಂದು ಪದ. ಕಳ್ಳರಲ್ಲಿ ಒಬ್ಬ ಏನಾದ? ಮೊದಲ ಕರಡಿನಲ್ಲಿ 'ಮೋಕ್ಷ ಪಡೆದ' ಎಂದಿತ್ತು. ಮೋಕ್ಷ ಎಂದ ಕೂಡಲೇ ಜನ್ಮ, ಕರ್ಮ ಎಲ್ಲ ಎದ್ದು ಬರುತ್ತದೆ, ಆ ಕಳ್ಳನಿಗೆ ಸಂಬಂಧವಿಲ್ಲದ ಸಂಸಾರ. 'ರಕ್ಷಣೆ ಹೊಂದಿದ' ಎನ್ನುವುದು ಚರ್ಚಿನ ಕನ್ನಡ, ಮೇಷ್ಟ್ರಿಗೆ ಸಹಜ, ಉಳಿದವರಿಗೆ ಅಗ್ನಿಶಾಮಕ ದಳದ ಸುದ್ದಿ. 'ಉದ್ಧಾರವಾದ' ಎಂದರೆ ನಮ್ಮಲ್ಲಿ ಬೈಗುಳಕ್ಕೂ ಬಳಸುತ್ತಾರೆ. ಎಸ್ಟ್ರಗನ್, ಯಾವುದರಿಂದ ಎಂದು ಕೇಳುತ್ತಾನೆ. ವ್ಲಾದಿಮಿರ್ ಮೊದಲು ನರಕದಿಂದ ಎನ್ನುತ್ತಾನೆ, ಸ್ವಲ್ಪ ಹೊತ್ತಾದ ಮೇಲೆ ಸಾವಿನಿಂದ ಎನ್ನುತ್ತಾನೆ. ಎರಡಕ್ಕೂ ಹೊಂದುವ, ಇಬ್ಬರು ಅಲೆಮಾರಿಗಳ ಬಾಯಲ್ಲಿ ಕೂರುವ ಪದ ಬೇಕು.

"ಬಚಾವಾದ" ಎಂದ ಮೆಕ್ಯಾನಿಕ್. ಬಸ್ಸು ಪಲ್ಟಿಯಾದಾಗ ಡಿಪೋದಲ್ಲಿ ಹಾಗೇ ಹೇಳುವುದಂತೆ. ಕಂಡಕ್ಟರ್ ಬಚಾವ್.

ಬೈಬಲ್ ಮಾತು ಇಷ್ಟು ಹಗುರವೇ ಎಂದು ನಾವೆಲ್ಲ ಮೇಷ್ಟ್ರ ಮುಖ ನೋಡಿದೆವು. ಅವರು ಎರಡು ಸಲ ತಾವೇ ಹೇಳಿ ನೋಡಿಕೊಂಡರು. ಒಬ್ಬ ಬಚಾವಾದ. ಒಬ್ಬ ಬಚಾವಾದ. ಆಮೇಲೆ ನಕ್ಕು, ಶಿಲುಬೆ ಮೇಲಿದ್ದವನು ಕೇಳಿದ್ದೂ ಅದನ್ನೇ ಅಲ್ಲವೇ ಎಂದರು.

ಹೆಸರುಗಳನ್ನು ಇಂಗ್ಲಿಷಿನಂತೆ ಕೇನ್, ಏಬಲ್ ಎನ್ನದೆ ಕನ್ನಡ ಬೈಬಲಿನಂತೆ ಕಾಯಿನ, ಹೇಬೆಲ ಎಂದೇ ಇಟ್ಟೆವು. ಇದು ನೂರಕ್ಕೆ ನೂರು ಸರಿಯಾದ ತೀರ್ಮಾನವಾಗಿರಲಿಲ್ಲ. "ಕಾಯಿನ" ಎಂದು ಕೂಗಿದಾಗ ಮೊದಲ ಪ್ರದರ್ಶನದಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ "ಹಣ್ಣಿನಾ?" ಎಂದ. ಸಭೆ ಗೊಳ್ ಎಂದಿತು. ಕುರುಡ ನೆಲದ ಮೇಲೆ ಒದ್ದಾಡುತ್ತಿದ್ದ.

ಕುರಿ–ಆಡು ಇನ್ನೊಂದು ಪೇಚು. ಮಲೆನಾಡಿನ ಕೆಸರಿಗೆ ಕುರಿ ಬಾಳುವುದು ಕಷ್ಟ. ಬಯಲುಸೀಮೆಯಿಂದ ಕುರಿಗಾರರು ಮಂದೆ ಹೊಡೆದುಕೊಂಡು ಬೇಸಿಗೆಯಲ್ಲಿ ಬಂದರಷ್ಟೇ ಕಾಣುವುದು. ಪೇಟೆಯಲ್ಲಿ ಬೆಳೆದ ಹುಡುಗರಿಗೆ ಎರಡೂ ಕುರಿಯೇ. ಹುಡುಗನ ಪಾತ್ರ ಮಾಡಿದ ಹೈಸ್ಕೂಲ್ ವಿದ್ಯಾರ್ಥಿಯನ್ನು ನಿರ್ದೇಶಕರು ಸಂತೆಗೆ ಕರೆದೊಯ್ದು ಎರಡನ್ನೂ ತೋರಿಸಿ ತಂದರು. ಆಡು ಕತ್ತೆತ್ತಿ ಮೇಲಿನ ಸೊಪ್ಪಿಗೆ ಹಾರುತ್ತದೆ, ಕುರಿ ತಲೆ ಬಗ್ಗಿಸಿ ನೆಲ ನೋಡುತ್ತದೆ ಎಂದು ಅವನೇ ಗಮನಿಸಿದ. ಆಮೇಲೆ ಅವನು ರಂಗದ ಮೇಲೆ "ನಾನು ಆಡು ಕಾಯ್ತೀನಿ ಸಾರ್" ಎನ್ನುವಾಗ ಕತ್ತು ತಾನಾಗಿ ಮೇಲೆ ಹೋಗುತ್ತಿತ್ತು. ತಮ್ಮನ ವಿಷಯ ಬಂದಾಗ ತಲೆ ಕೆಳಗೆ. ಯಾರೂ ಹೇಳಿಕೊಟ್ಟದ್ದಲ್ಲ.

ಮೇಷ್ಟ್ರ ಬೈಬಲಿನ ಕೊನೆಯ ಪುಟಗಳಲ್ಲಿ ಬಣ್ಣದ ನಕ್ಷೆಗಳಿದ್ದವು. ಮೃತ ಸಮುದ್ರ ತಿಳಿನೀಲಿ, ಹೆಬ್ಬೆರಳಿನಷ್ಟು. ಮೆಕ್ಯಾನಿಕ್ ಅದನ್ನು ಬಹಳ ಹೊತ್ತು ನೋಡಿದ. ಅಲ್ಲಿಯವರೆಗೆ ನಕ್ಷೆಗಳ ಬಗ್ಗೆ ಎಸ್ಟ್ರಗನ್ ಆಡುವ ಮಾತನ್ನು ಕವಿತೆಯಂತೆ ಹಾಡುತ್ತಿದ್ದವನು, ಮರುದಿನದಿಂದ ಎದುರಿಗಿರುವ ಚಿತ್ರ ತೋರಿಸುವವನಂತೆ ಸಣ್ಣ ದನಿಯಲ್ಲಿ ಹೇಳತೊಡಗಿದ.

ಗೂಟ

ದಬ್ಬೆಯ ಶಿಲುಬೆ ತೆಗೆದ ಮೇಲೆ ಮರ ಬೇಕಿತ್ತಲ್ಲ. 1961ರಲ್ಲಿ ಪ್ಯಾರಿಸ್‌ನ ಓಡಿಯಾನ್‌ನಲ್ಲಿ ಈ ನಾಟಕ ಆದಾಗ ಮರ ಮಾಡಿಕೊಟ್ಟವನು ಶಿಲ್ಪಿ ಜಿಯಾಕೊಮೆಟ್ಟಿ. ನಮ್ಮದನ್ನು ತೋಟದವರು ಬೇಲಿಯಿಂದ ಕಡಿದು ತಂದರು. ಗೊಬ್ಬರದ ಗಿಡದ ಒಂದು ಗೂಟ, ಆಳೆತ್ತರಕ್ಕಿಂತ ಒಂದು ಮೊಳ ಹೆಚ್ಚು, ಎರಡು ಕವಲು. ಅಲುಗಾಡದಿರಲಿ ಎಂದು ಹಳೆಯ ಡಾಂಬರು ಡಬ್ಬಿಯಲ್ಲಿ ಮಣ್ಣು ತುಂಬಿ ನೆಟ್ಟು, ತಾಲೀಮು ಮುಗಿದ ಮೇಲೆ ಜಗಲಿಗೆ ನೂಕಿಡುತ್ತಿದ್ದೆವು. ಜುಲೈ ತಿಂಗಳು. ಜಗಲಿಗೆ ಇರಚಲು ಹೊಡೆಯುತ್ತಿತ್ತು.

ಮೂರು ವಾರ ಕಳೆದಿರಬೇಕು. ಒಂದು ಸಂಜೆ ಹುಡುಗ ಡಬ್ಬಿ ಎಳೆದು ತರುತ್ತ ನಿಂತುಬಿಟ್ಟ. ಕವಲಿನ ಕೆಳಗೆ ತೊಗಟೆ ಒಡೆದು, ಉಗುರಿನಷ್ಟು ಹಸಿರು. ಎಣಿಸಿದೆವು. ನಾಲ್ಕು. ಒಂದು ಇನ್ನೂ ಮುಚ್ಚಿಕೊಂಡಿತ್ತು.

ಮೇಷ್ಟ್ರಿಗೆ ಕೂಡಲೇ ಮೋಶೆಯ ಅಣ್ಣ ಆರೋನನ ಕೋಲು ನೆನಪಾಯಿತು. ಬೈಬಲಿನ ಅರಣ್ಯಕಾಂಡದ (ರಾಮಾಯಣದ್ದಲ್ಲ) 17ನೇ ಅಧ್ಯಾಯದಲ್ಲಿ ಅದು ಒಂದೇ ರಾತ್ರಿಯಲ್ಲಿ ಚಿಗುರಿ, ಹೂಬಿಟ್ಟು, ಬಾದಾಮಿ ಕಾಯಿಯನ್ನೂ ಬಿಡುತ್ತದೆ. ನಿರ್ದೇಶಕರ ಕಣ್ಣೂ ಹೊಳೆಯಿತು, ಪುನರುತ್ಥಾನ ಎಂಬ ಪದ ಬಾಯಿಗೆ ಬಂದೇ ಬಿಟ್ಟಿತ್ತು. ತೋಟದವರು ಬಗ್ಗಿ ನೋಡಿ, "ಬೇಲಿ ಗೂಟ ಮಳೆಗಾಲದಲ್ಲಿ ಚಿಗುರದೇ ಇನ್ನೆಂತ ಮಾಡ್ತದೆ" ಎಂದರು. ಇನ್ನೊಬ್ಬರು, ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟದ ಮರ ಹೀಗೇ ಅಲ್ಲವೇ, ಚಿಗುರುವುದು ಮುಂದಿನ ವರ್ಷ ಮತ್ತೆ ಕಡಿಸಿಕೊಳ್ಳಲಿಕ್ಕೆ ಎಂದರು.

ಆ ಮಾತು ಕೇಳಿ ನನಗೆ ಸಣ್ಣಗೆ ಚಳಿಯಾಯಿತು. ಎರಡನೇ ಅಂಕದ ಎಲೆಗಳನ್ನು ಹೊಸ ಆಸೆ ಎನ್ನುವವರಿದ್ದಾರೆ, ಲೇವಡಿ ಎನ್ನುವವರಿದ್ದಾರೆ. ಮಲೆನಾಡಿನವರಿಗೆ ಎರಡೂ ಒಟ್ಟಿಗೇ ಗೊತ್ತಿತ್ತು. ಅದಕ್ಕೆ ನಾವು ನೀಲಿ ಬೆಳಕು ಬಿಡುವ ಅಗತ್ಯವೇ ಇರಲಿಲ್ಲ. ಆ ದಿನದಿಂದ ಮರದ ಬಗ್ಗೆ ಯಾವ ವ್ಯಾಖ್ಯಾನವನ್ನೂ ರಂಗದ ಮೇಲೆ ತರಬಾರದು ಎಂದು ಗೊತ್ತುಮಾಡಿದೆವು. ಮೊದಲ ಅಂಕಕ್ಕೆ ಒಣಗಿದ ಇನ್ನೊಂದು ಗೂಟ, ಎತ್ತರದಲ್ಲಿ ಮತ್ತು ಕವಲಿನಲ್ಲಿ ತದ್ರೂಪ. ಮಧ್ಯಂತರದಲ್ಲಿ ಡಬ್ಬಿ ಬದಲು. ಚಿಗುರಿದ್ದು ನಿಲ್ಲಲಿಲ್ಲ, ವಾರದಲ್ಲಿ ಪೊದೆಯಾಯಿತು. ಪ್ರದರ್ಶನದ ದಿನ ಹುಡುಗ ಕೂತು ಐದು ಬಿಟ್ಟು ಉಳಿದ ಎಲೆ ಚಿವುಟಿದ.

ಆಮೇಲೆ ಏನಾಯಿತು

ಎರಡು ಪ್ರದರ್ಶನ, ದಸರಾ ಕಳೆದ ಮೇಲೆ. ಮೊದಲನೆಯದಕ್ಕೆ ಇನ್ನೂರರ ಹತ್ತಿರ ಜನ, ಮಧ್ಯಂತರದ ನಂತರ ಮೂವತ್ತು ಕುರ್ಚಿ ಖಾಲಿ. ನೇಣಿನ ಭಾಗಕ್ಕೆ ಈ ಸಲ ಜನ ನಕ್ಕರು. ಮೇಷ್ಟ್ರ ಹೆಂಡತಿ ಎರಡನೇ ಸಾಲಿನಲ್ಲಿದ್ದರು, ಅವರೂ ನಕ್ಕದ್ದನ್ನು ನಾನು ಪಕ್ಕದ ಪರದೆಯಿಂದ ನೋಡಿದೆ.

ಮತಪ್ರಚಾರ ಎಂಬ ಮಾತು ಬರಲಿಲ್ಲ. ಬೈಬಲ್ ಪುಟಗಳು ಕರಪತ್ರದಲ್ಲೇ ಅಚ್ಚಾಗಿದ್ದರೂ ಬರಲಿಲ್ಲ ಎನ್ನುವುದು ನನಗೆ ಆಶ್ಚರ್ಯ. ಶಿಲುಬೆ ಇದ್ದಾಗ ನಾವು ಜನರಿಗೆ ಒಂದು ತೀರ್ಮಾನವನ್ನು ಕೊಟ್ಟಿದ್ದೆವು, ಅವರು ಅದನ್ನು ಒಪ್ಪಬೇಕಿತ್ತು ಇಲ್ಲವೇ ತಿರಸ್ಕರಿಸಬೇಕಿತ್ತು. ಕಥೆ ಮಾತ್ರ ಕೊಟ್ಟಾಗ ಅವರಿಗೆ ಲೆಕ್ಕ ಹಾಕುವ ಕೆಲಸ ಸಿಕ್ಕಿತು. ಎರಡನೇ ದಿನ ಲಾರಿ ಚಾಲಕರೊಬ್ಬರು ಕರಪತ್ರ ಹಿಡಿದು ಗ್ರೀನ್ ರೂಮಿಗೇ ಬಂದರು. "ಇದ್ರಲ್ಲಿ ಬೈದೋರು ಇಬ್ರು ಅಂತ ಉಂಟು, ಅವ ಒಬ್ಬ ಅಂದ. ನೀವು ಮಾತು ಮರ್ತಿದ್ದಾ, ಅವನಿಗೇ ಮರ್ತಿದ್ದಾ?" ಬ್ಯಾಂಕಿನವರು ಬಣ್ಣ ಒರೆಸುತ್ತಿದ್ದ ಕೈ ನಿಲ್ಲಿಸಿದರು. ಮಾನ ಹೋಗುತ್ತದೆ ಎಂದು ಹೆದರಿದ್ದವರಿಗೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಈವರೆಗೆ ಸಿಕ್ಕಿಲ್ಲವಂತೆ.

ಎಲ್ಲ ಬಗೆಹರಿದಿದೆ ಎಂದೇನಲ್ಲ. ಕರಪತ್ರ ಓದದೆ ಬಂದವರಿಗೆ ಹುಡುಗನ ಆಡು–ಕುರಿ ಮಾತು ಸುಮ್ಮನೆ ಹಾದುಹೋಯಿತು. ಕಾಯಿನನ ಗೊಂದಲ ಎರಡನೇ ದಿನವೂ ಇತ್ತು, ನಗು ಸ್ವಲ್ಪ ಕಡಿಮೆ. ಪಟ್ಟಿ ಕಿತ್ತ ನಿರ್ದೇಶಕರು, ಬೂಟಿನ ವಿಷಯದಲ್ಲಿ ತಾನು ಹೇಳಿದ್ದು ಸರಿಯೇ ಎಂದು ಇವತ್ತಿಗೂ ವಾದಿಸುತ್ತಾರೆ. ಮೇಷ್ಟ್ರು ಅದಕ್ಕೆ, ಬೂಟು ಕಚ್ಚಿದ್ದಕ್ಕೆ ಬಿಚ್ಚಿದ ಎನ್ನುತ್ತಾರೆ.

ಮೂರನೇ ಪ್ರದರ್ಶನ ಶಿವಮೊಗ್ಗದಲ್ಲಿ, ಬೇಸಿಗೆಯಲ್ಲಿ ಆಗಬೇಕಿದೆ. ಹಳೆಯ ಗೂಟವನ್ನು ತೋಟದವರು ವಾಪಸ್ ಬೇಲಿಗೆ ನೆಟ್ಟುಬಿಟ್ಟಿದ್ದಾರೆ, ಈಗ ಕೀಳಲು ಬರುವುದಿಲ್ಲ. ಬೇಸಿಗೆಯಲ್ಲಿ ಕಡಿದದ್ದು ತಾನಾಗಿ ಚಿಗುರುವುದು ಅನುಮಾನ. ಪ್ಲಾಸ್ಟಿಕ್ ಎಲೆ ಅಂಟಿಸಬಹುದು ಎಂದು ನಿರ್ದೇಶಕರು, ತಿಂಗಳು ಮೊದಲೇ ನೆಟ್ಟು ದಿನಾ ಒಂದು ಚೊಂಬು ನೀರು ಹಾಕಿ ಎಂದು ತೋಟದವರು. ಡಬ್ಬಿ ಸದ್ಯಕ್ಕೆ ನಮ್ಮ ಮನೆಯ ಬಚ್ಚಲ ಹಿಂದೆ ಇದೆ, ಒಂದು ಹೊಸ ಗೂಟ ನೆಟ್ಟಿದ್ದೇನೆ. ಇವತ್ತಿಗೆ ಹನ್ನೆರಡು ದಿನ. ಇನ್ನೂ ಏನೂ ಬಂದಿಲ್ಲ.